ಮೀನುಗಾರರ ಸ್ವೆಟರ್: ಕಟ್ಟುಕಥೆಯೂ ಕೈಕೆಲಸವೂ

ಕಡಲಿಗಿಳಿಯುವವನಿಗೆ ಉಡುಪು ಅಲಂಕಾರವಲ್ಲ. ಅದು ಆರೋಗ್ಯರಕ್ಷಣೆಯ ಮೊದಲ ಸಾಧನ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಕರಾವಳಿಯ ಮೀನುಗಾರರು ತೊಡುತ್ತಿದ್ದ ‘ಗಾನ್ಸಿ’ ಎಂಬ ಸ್ವೆಟರಿನಲ್ಲಿ ಈ ವಿವೇಕ ಎದ್ದು ಕಾಣುತ್ತದೆ. ಉಣ್ಣೆಯು ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸುವುದಿಲ್ಲ. ಬಿಗಿಯಾಗಿ ಹುರಿಗೊಳಿಸಿದ ಐದೆಳೆಯ ನೂಲು, ಹೊಲಿಗೆಯಿಲ್ಲದ ಸುತ್ತುಹೆಣಿಗೆ, ಗಾಳಿಯನ್ನು ತಡೆಯುವ ಒತ್ತಾದ ಕುಣಿಕೆಗಳು, ತೋಳೆತ್ತಿ ಬಲೆ ಎಳೆಯಲು ಅನುವಾಗುವಂತೆ ಕಂಕುಳಿನಲ್ಲಿ ಹೆಣೆದ ಹೆಚ್ಚಿನ ತುಂಡು - ಇವೆಲ್ಲ ಅನುಭವದಿಂದ ಬಂದ ಉಪಾಯಗಳು. ತೋಳನ್ನು ಭುಜದಿಂದ ಕೆಳಕ್ಕೆ ಹೆಣೆಯುವುದರಿಂದ, ಸವೆದ ತುದಿಯನ್ನಷ್ಟೇ ಬಿಚ್ಚಿ ಹೊಸದಾಗಿ ಹೆಣೆಯಬಹುದು.

ಆದರೆ ಜನಪ್ರಿಯವಾಗಿರುವುದು ಈ ಜಾಣ್ಮೆಯಲ್ಲ, ಒಂದು ಕಟ್ಟುಕಥೆ. ಪ್ರತಿ ಮನೆತನಕ್ಕೂ ಪ್ರತ್ಯೇಕ ವಿನ್ಯಾಸವಿತ್ತೆಂದೂ, ಮುಳುಗಿ ಸತ್ತವನ ಗುರುತು ಅದರಿಂದಲೇ ಸಿಕ್ಕುತ್ತಿತ್ತೆಂದೂ ಮಾರಾಟಗಾರರು ಹೇಳುವುದುಂಟು. ಐರ್ಲೆಂಡಿನ ನಾಟಕಕಾರ ಸಿಂಜ್‌ನ ‘ರೈಡರ್ಸ್ ಟು ದ ಸೀ’ 1904ರಲ್ಲಿ ರಂಗಕ್ಕೆ ಬಂದಿತು. ಅದರಲ್ಲಿ ಸೋದರಿಯೊಬ್ಬಳು, ತಾನೇ ಹೆಣೆದ ಕಾಲುಚೀಲದ ಕುಣಿಕೆಗಳನ್ನೆಣಿಸಿ ಸತ್ತ ಸೋದರನನ್ನು ಗುರುತಿಸುತ್ತಾಳೆ. ಆ ಕಲ್ಪನೆಯೇ ಮುಂದೆ ಇತಿಹಾಸದ ವೇಷ ತೊಟ್ಟಿತು. ಅರಾನ್ ದ್ವೀಪಗಳ ಪ್ರಸಿದ್ಧ ಬಿಳಿಯ ಸ್ವೆಟರಾದರೋ ಈಗಿನ ರೂಪ ತಾಳಿದ್ದೇ 20ನೆಯ ಶತಮಾನದ ಆರಂಭದಲ್ಲಿ.

ಸುಳ್ಳು ಪ್ರಾಚೀನತೆಯಿಂದ ಆಗುವ ಹಾನಿ ಇಷ್ಟೇ: ಅದು ದುಡಿದ ಕೈಗಳನ್ನು ಮರೆಮಾಡುತ್ತದೆ. 19ನೆಯ ಶತಮಾನದಲ್ಲಿ ಕಾರ್ನ್‌ವಾಲಿನ ಹೆಂಗಸರು ಇಂಥ ಅಂಗಿಗಳನ್ನು ಗುತ್ತಿಗೆಯ ಮೇಲೆ ಹೆಣೆಯುತ್ತಿದ್ದರು. ಅಂಗಿಯೊಂದಕ್ಕೆ ಸಿಕ್ಕುತ್ತಿದ್ದುದು ಕೆಲವೇ ಷಿಲಿಂಗು. ಸ್ಕಾಟ್ಲೆಂಡಿನ ಹೆಣ್ಣುಮಕ್ಕಳು ಹೆರಿಂಗ್ ಮೀನಿನ ದೋಣಿಗಳ ಬೆನ್ನಿಗೆ, ಷೆಟ್ಲೆಂಡಿನಿಂದ ಯಾರ್ಮತ್‌ವರೆಗೆ, ಬಂದರಿನಿಂದ ಬಂದರಿಗೆ ಸಾಗಿ ಮೀನು ಸೀಳಿ ಉಪ್ಪು ಹಾಕುತ್ತಿದ್ದರು. ಚಾಕುವಿನ ಗಾಯಕ್ಕೆ ಉಪ್ಪು ತಾಗದಿರಲೆಂದು ಬೆರಳುಗಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ ಅವರು, ಬಿಡುವು ಸಿಕ್ಕೊಡನೆ ಹೆಣಿಗೆಯ ಕಡ್ಡಿಗಳನ್ನು ಹಿಡಿಯುತ್ತಿದ್ದರು. ಒಬ್ಬಳ ವಿನ್ಯಾಸವನ್ನು ಇನ್ನೊಬ್ಬಳು ಕಲಿತು ತನ್ನೂರಿಗೆ ಒಯ್ದಳು.

ಊರು ಬಿಟ್ಟು ದುಡಿಯಲು ಹೋದವರ ಕೈಯಲ್ಲಿ ಪರಂಪರೆ ನಶಿಸುತ್ತದೆಂಬುದು ಸಾಮಾನ್ಯ ದೂರು. ಈ ಹೆಣ್ಣುಮಕ್ಕಳ ಬದುಕು ಅದಕ್ಕೆ ತಕ್ಕ ಉತ್ತರವಾಗಿದೆ. ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರೂ ಇದನ್ನು ಮನನಮಾಡಬಹುದು. ಪರಂಪರೆಗೆ ಸಾವಿರ ವರ್ಷದ ವಂಶಾವಳಿ ಬೇಕಿಲ್ಲ. ಸವೆದದ್ದನ್ನು ಬಿಚ್ಚಿ ಮತ್ತೆ ಹೆಣೆಯುವ ಕೈಗಳು ಬೇಕು, ಆ ಕೈಗಳಿಗೆ ನ್ಯಾಯವಾದ ಕೂಲಿಯೂ ಬೇಕು.