ಕಾರಿನ ಹಾಡಿಗೆ ಬೇರೆ ಡೊಳ್ಳು ಬೇಕೇ?



ಉಪ್ಪಿನಕಾಯಿಗೆ ಬೂಷ್ಟು ಬಂತು, ಮಗ ಓದುವುದಿಲ್ಲ, ಅತ್ತೆಗೆ ಮಂಡಿ ನೋವು – ಈ ಪುಟಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಇಂಥವು. ಈ ಸಲ ಹಾಸನದ ಕಡೆಯ ಸೋದರಿಯೊಬ್ಬರು ಬರೆದಿರುವ ಸಮಸ್ಯೆ ಮಾತ್ರ ಹೊಸ ಬಗೆಯದು. ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ ಅವರ ಯಜಮಾನರು ಬೆಂಗಳೂರಿನಿಂದ ಹಳೆಯ ಬಿ.ಎಂ.ಡಬ್ಲ್ಯು. ಕಾರೊಂದನ್ನು ಕೊಂಡು ತಂದರಂತೆ. ಅದರಲ್ಲಿ ಹಾಡು ಕೇಳುವುದೇ ಅವರಿಗೊಂದು ಸುಖ. ಈಗ ಆ ಕಾರಿನ ಸಬ್‌ವೂಫರ್ ಹರಿದ ತಮಟೆಯ ಹಾಗೆ 'ಬರ್ರ್' ಎನ್ನುತ್ತಿದೆ. ಅಂಗಡಿಯವರು ಇದ್ದದ್ದನ್ನೆಲ್ಲ ಕಿತ್ತು, ಡಿಕ್ಕಿಯಲ್ಲಿ 12 ಇಂಚಿನ ಹೊಸ ಪೆಟ್ಟಿಗೆ, ಜೊತೆಗೊಂದು ದೊಡ್ಡ ಆಂಪ್ಲಿಫೈಯರ್ ಕೂರಿಸೋಣ ಅಂದಿದ್ದಾರೆ. ಮಗಳಿಗೆ ಏಳನೇ ತಿಂಗಳು, ಹೆರಿಗೆಗೆ ತವರಿಗೆ ಬರುವವಳಿದ್ದಾಳೆ. ಯಜಮಾನರು ಕಣ್ಣು ಹಾಕಿರುವುದು ಬಾಣಂತನಕ್ಕೆಂದು ತೆಗೆದಿಟ್ಟ ಹಣದ ಮೇಲೆ. ಬೇಡ ಎಂದರೆ 'ನಿನಗೇನು ಗೊತ್ತು' ಎನ್ನುತ್ತಾರಂತೆ. ಎರಡು ವಾರದಿಂದ ಮನೆಯಲ್ಲಿ ಮಾತಿಲ್ಲ.

ನಿಮಗೇನು ಗೊತ್ತು ಅಂದರಲ್ಲವೇ? ಹಾಗಾದರೆ ಗೊತ್ತು ಮಾಡಿಕೊಳ್ಳೋಣ, ಬನ್ನಿ. ರುಬ್ಬುವ ಕಲ್ಲಿನಿಂದ ಮಿಕ್ಸಿಯವರೆಗೆ ಕಲಿತವರಿಗೆ ಇದೊಂದು ಕಷ್ಟವೇ?

ಏನಿದು ಸಬ್‌ವೂಫರ್?

ಮನುಷ್ಯರ ಕಿವಿಗೆ ಸೆಕೆಂಡಿಗೆ ಸುಮಾರು 20 ಕಂಪನದಿಂದ 20,000 ಕಂಪನದವರೆಗಿನ ಸದ್ದು ಕೇಳುತ್ತದೆ. ಇದರಲ್ಲಿ ತೀರ ಕೆಳಗಿನ, ಸುಮಾರು 100 ಕಂಪನಕ್ಕಿಂತ ಕಡಿಮೆಯ ಮಂದ್ರ ಸದ್ದನ್ನು ಹೊರಡಿಸುವ ಸ್ಪೀಕರೇ ಸಬ್‌ವೂಫರ್. ಡೊಳ್ಳಿನ 'ಧಂ', ಸಿನಿಮಾ ಹಾಡಿನ ಡ್ರಮ್ಮಿನ ಗುದ್ದು ಇದರ ಪಾಲಿನವು. ಹೆಂಗಸರ ದನಿ ಇದಕ್ಕಿಂತ ಮೇಲಿರುತ್ತದೆ. ಎಸ್. ಜಾನಕಿಯವರ ಹಾಡು ಹಾಕಿ ಕೇಳಿದರೆ, ಅವರ ಕಂಠಕ್ಕೆ ಸಬ್‌ವೂಫರ್ ಏನೂ ಮಾಡುವುದಿಲ್ಲ, ಹಿಮ್ಮೇಳದ ತಾಳವಾದ್ಯಕ್ಕೆ ತೂಕ ಕೊಡುತ್ತದೆ, ಅಷ್ಟೆ. ಸಾರಿಗೆ ಇಂಗು ಇದ್ದ ಹಾಗೆ. ಇಲ್ಲದಿದ್ದರೆ ಸಪ್ಪೆ, ಹೆಚ್ಚಾದರೆ ಬಾಯಿಗಿಡಲಾಗದು.

ಮಂದ್ರ ಸದ್ದಿಗೆ ಎರಡು ಗುಣಗಳಿವೆ. ಒಂದು, ಅದನ್ನು ಹೊರಡಿಸಲು ಬಹಳಷ್ಟು ಗಾಳಿಯನ್ನು ತಳ್ಳಬೇಕು. ಅದಕ್ಕೇ ಸ್ಪೀಕರಿನ ಬಾಯಿ ಅಗಲ. ಎರಡು, ಅದು ಯಾವ ದಿಕ್ಕಿನಿಂದ ಬರುತ್ತದೆಂದು ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ. ಹಾಗಾಗಿ ಅದನ್ನು ಮರೆಯಲ್ಲಿ ಅಡಗಿಸಿಡಬಹುದು. ಬಿ.ಎಂ.ಡಬ್ಲ್ಯು.ವಿನ ಎಷ್ಟೋ ಮಾದರಿಗಳಲ್ಲಿ ಅದು ಮುಂದಿನ ಎರಡು ಸೀಟುಗಳ ಕೆಳಗೆ, ಒಂದೊಂದರಂತೆ ಕುಳಿತಿರುತ್ತದೆ. ನಮ್ಮ ಸೋದರಿ ಕಾಲ ಬಳಿ ಹಾಲಿನ ಕ್ಯಾನು ಇಟ್ಟುಕೊಂಡು ಕೂತಾಗ, ಅದರ ಪಕ್ಕದಲ್ಲೇ ಅದೂ ಇರುತ್ತದೆ!

ಕಾರ್ಖಾನೆಯವರ ಲೆಕ್ಕಾಚಾರ

ಕಾರಿಗಾಗಿಯೇ ಅಳತೆ ಮಾಡಿ ಸ್ಪೀಕರ್ ಹೊಂದಿಸುವ ಪದ್ಧತಿಗೆ ನಾಂದಿ ಹಾಡಿದವರಲ್ಲಿ ಮುಖ್ಯರು ಡಾ. ಅಮರ್ ಬೋಸ್. ಅವರ ತಂದೆ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರು, ಅಮೆರಿಕಕ್ಕೆ ಹೋಗಿ ನೆಲೆಸಿದವರು. ಮಗ ಹುಟ್ಟಿದ್ದು 1929ರಲ್ಲಿ, ಫಿಲಡೆಲ್ಫಿಯಾದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಮನೆಯ ಖರ್ಚಿಗೆಂದು ರೇಡಿಯೋ ರಿಪೇರಿ ಮಾಡಿದ ಹುಡುಗ, ಮುಂದೆ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿ, 1964ರಲ್ಲಿ ತಮ್ಮದೇ ಕಂಪನಿ ಕಟ್ಟಿದರು. 1983ರ ಮಾದರಿಯ ಕೆಲವು ಕ್ಯಾಡಿಲಾಕ್, ಬ್ಯೂಕ್ ಕಾರುಗಳಿಗೆ ಅವರ ಕಂಪನಿ ಜನರಲ್ ಮೋಟಾರ್ಸ್‌ನೊಡನೆ ಸೇರಿ, ಆಯಾ ಕಾರಿನ ಒಳಾಂಗಣಕ್ಕೆ ಹೊಂದುವ ಸ್ಪೀಕರುಗಳನ್ನು ಕೊಟ್ಟಿತು. 2013ರಲ್ಲಿ ತೀರಿಕೊಳ್ಳುವ ಮೊದಲು ಕಂಪನಿಯ ಬಹುಪಾಲು ಷೇರುಗಳನ್ನು ತಾವು ಓದಿದ ವಿದ್ಯಾಸಂಸ್ಥೆಗೇ ಕೊಟ್ಟುಬಿಟ್ಟರು.

ಈ ಕಥೆ ಯಾಕೆ ಹೇಳಿದೆನೆಂದರೆ, ದುಬಾರಿ ಕಾರುಗಳಲ್ಲಿ ಸ್ಪೀಕರು, ಆಂಪ್ಲಿಫೈಯರು, ಗಾಜು, ಸೀಟಿನ ಬಟ್ಟೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಸದ್ದನ್ನು ಹದ ಮಾಡಿರುತ್ತಾರೆ. ಅದರಲ್ಲಿ ಒಂದನ್ನು ಕಿತ್ತು ಬೇರೆ ಹಾಕಿದರೆ ಇಡೀ ಅಡುಗೆಯ ಹದ ಕೆಡಬಹುದು. ಇನ್ನೊಂದು ತೊಡಕೂ ಇದೆ. 2001ರಲ್ಲಿ ಬಿ.ಎಂ.ಡಬ್ಲ್ಯು.ವಿನ 7 ಸೀರೀಸ್ ಕಾರಿನಿಂದ ಶುರುವಾಗಿ, ಯುರೋಪಿನ ಎಷ್ಟೋ ದುಬಾರಿ ಕಾರುಗಳಲ್ಲಿ ಹಾಡು ತಾಮ್ರದ ತಂತಿಯಲ್ಲಿ ಹರಿಯದೆ, ಪ್ಲಾಸ್ಟಿಕ್ ಎಳೆಯಲ್ಲಿ ಬೆಳಕಾಗಿ ಹರಿಯುವ ವ್ಯವಸ್ಥೆ ಬಂತು. ಅಂಥ ಎಳೆಯನ್ನು ಕತ್ತರಿಸಿದರೆ, ಚೂಪಾಗಿ ಮಡಚಿದರೆ, ಇಡೀ ವ್ಯವಸ್ಥೆಯೇ ಮೂಕವಾಗಬಹುದು. ತಂತಿ ಸುಲಿದು ಟೇಪು ಸುತ್ತುವ ಕೈಗೆ ಇದು ದಕ್ಕುವ ಕೆಲಸವಲ್ಲ.

ಮೊದಲು ಕಾಸಿಲ್ಲದ ಪರೀಕ್ಷೆ

ಹಣ ಬಿಚ್ಚುವ ಮೊದಲು ಒಂದು ಭಾನುವಾರ ಇಬ್ಬರೂ ಕೂತು ಹೀಗೆ ಮಾಡಿ.

1. ಬಾಗಿಲ ಜೇಬಿನಲ್ಲಿರುವ ಕನ್ನಡಕದ ಡಬ್ಬಿ, ಚಿಲ್ಲರೆ ಕಾಸು, ನೀರಿನ ಬಾಟಲು ಎಲ್ಲ ಹೊರಗೆ ತೆಗೆಯಿರಿ. ಸಡಿಲವಾದ ನಂಬರ್ ಪ್ಲೇಟೂ ಸ್ಪೀಕರಿನ ಹಾಗೆಯೇ 'ಬರ್ರ್' ಎನ್ನಬಲ್ಲದು.

2. ಬೇಸ್, ಟ್ರೆಬಲ್ ಎರಡನ್ನೂ ನಡುವಿಗೆ ತನ್ನಿ. ಬೇಸನ್ನು ಯಾರೋ ತುದಿಯವರೆಗೆ ತಿರುಗಿಸಿಟ್ಟು ಮರೆತಿರಬಹುದು.

3. ನಿಮಗೆ ಚೆನ್ನಾಗಿ ಪರಿಚಯವಿರುವ ಒಂದೇ ಹಾಡು ಹಾಕಿ, ಸದ್ದನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ವಾಲಿಸಿ. ಯಾವ ಸೀಟಿನ ಕೆಳಗಿನಿಂದ ಅಪಸ್ವರ ಬರುತ್ತಿದೆ ಎಂಬುದು ಹೆಚ್ಚಾಗಿ ಇದರಲ್ಲೇ ತಿಳಿದುಬಿಡುತ್ತದೆ.

4. ಸೀಟಿನ ಕೆಳಗಿನ ಕಾರ್ಪೆಟ್ಟನ್ನು ಒತ್ತಿ ನೋಡಿ. ಒದ್ದೆಯಾಗಿದೆಯೇ? ಮೇಲಿನ ಗಾಜಿನ ಕಿಂಡಿಯ ನೀರು ಹೋಗುವ ಸಣ್ಣ ಕೊಳವೆಗಳಲ್ಲಿ ಎಲೆ, ಕಸ ಕಟ್ಟಿಕೊಂಡರೆ ಮಳೆಗಾಲದಲ್ಲಿ ನೀರು ಒಳಗಿಳಿಯುತ್ತದೆ. ಮಲೆನಾಡಿನ ಮಳೆ ಕೇಳಬೇಕೇ? ನೀರು ನಿಲ್ಲಿಸದೆ ಹೊಸ ಸ್ಪೀಕರ್ ಹಾಕಿದರೆ ಅದೂ ಒಂದು ಮಳೆಗಾಲಕ್ಕೆ ಮುಗಿಯಿತು.

ಮೂರು ದಾರಿ

ಸ್ಪೀಕರೇ ಕೆಟ್ಟಿದೆ ಎಂದು ಖಚಿತವಾಯಿತು ಅನ್ನಿ. ಆಗಲೂ ದಾರಿ ಒಂದೇ ಅಲ್ಲ.

ಮೊದಲನೆಯದು ರಿಪೇರಿ. ಸ್ಪೀಕರಿನ ಅಂಚಿಗೆ ಫೋಮಿನ ಸುತ್ತು ಇದ್ದರೆ, ವರ್ಷಗಳು ಕಳೆದಂತೆ ತೇವಕ್ಕೆ, ಬಿಸಿಲಿಗೆ ಅದು ಹಪ್ಪಳದ ಹಾಗೆ ಪುಡಿಯಾಗುತ್ತದೆ. ಒಳಗಿನ ಸುರುಳಿ ಚೆನ್ನಾಗಿದ್ದರೆ ಅಂಚನ್ನಷ್ಟೇ ಹೊಸದಾಗಿ ಅಂಟಿಸಿಕೊಡುವವರಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆ ವಿಚಾರಿಸಬಹುದು. ಮೂರರಲ್ಲಿ ಅಗ್ಗದ ದಾರಿ ಇದೇ.

ಎರಡನೆಯದು, ಅದೇ ಜಾಗಕ್ಕೆ, ಅದೇ ಅಳತೆಯ ಬದಲಿ ಸ್ಪೀಕರ್. ಕಂಪನಿಯದೇ ಆಗಬಹುದು, ಆ ಕಾರಿಗೆಂದೇ ಬೇರೆಯವರು ಮಾಡಿದ್ದೂ ಆಗಬಹುದು. ಇಲ್ಲಿ ನೋಡಬೇಕಾದದ್ದು 'ಓಮ್' ಎಂಬ ಅಂಕಿ. ಹಳೆಯದರ ಮೇಲೆ 4 ಓಮ್ ಇದ್ದರೆ ಹೊಸದೂ 4, ಅಲ್ಲಿ 2 ಇದ್ದರೆ ಇಲ್ಲೂ 2 ಇರಬೇಕು. ಕಡಿಮೆ ಓಮ್‌ನದು ಹಾಕಿದರೆ ಆಂಪ್ಲಿಫೈಯರ್ ಮಿತಿಮೀರಿ ದುಡಿದು ಕಾಯುತ್ತದೆ. ಹೆಚ್ಚಿನದು ಹಾಕಿದರೆ ದುಡ್ಡು ಕೊಟ್ಟೂ ಸದ್ದು ಕುಗ್ಗುತ್ತದೆ.

ಮೂರನೆಯದು ಅಂಗಡಿಯವರು ಹೇಳಿದ ಡಿಕ್ಕಿಯ ಪೆಟ್ಟಿಗೆ. ಸದ್ದು ದೊಡ್ಡದು, ನಿಜ. ಆದರೆ ಡಿಕ್ಕಿ ಬೇರೆಯಾಗಿರುವ ಕಾರಿನಲ್ಲಿ ಹಿಂದಿನ ಸೀಟು ಅಡ್ಡವಿರುತ್ತದೆ. ಸದ್ದಿನ ಎಷ್ಟೋ ಪಾಲು ಡಿಕ್ಕಿಯ ತಗಡನ್ನೇ ನಡುಗಿಸುತ್ತದೆ. ಜಾಗವೂ ಹೋಯಿತು. ಬಾಣಂತಿಯ ಪೆಟ್ಟಿಗೆ, ಮಗುವಿನ ತೊಟ್ಟಿಲು, ಬೀಗರು ಕೊಟ್ಟ ತೆಂಗಿನಕಾಯಿ ಮೂಟೆ ಎಲ್ಲಿಡುತ್ತೀರಿ? ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೂರಿಸುತ್ತೇವೆ ಅಂದರೆ, ಶಿರಾಡಿ ಘಾಟಿಯಲ್ಲಿ ಟೈರು ಪಂಕ್ಚರಾದಾಗ ಏನು ಗತಿ ಎಂದು ಕೇಳಿ.

ಕರೆಂಟಿನ ಲೆಕ್ಕ

ಈ ಭಾಗವನ್ನು ಎರಡು ಸಲ ಓದಿ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಮನೆಯ 230 ವೋಲ್ಟಿನಲ್ಲಿ ಎಳೆಯುವುದು ನಾಲ್ಕೂಕಾಲು ಆಂಪಿಯರಿನಷ್ಟು ಕರೆಂಟು. ಕಾರಿನ ಬ್ಯಾಟರಿ ಬರೀ 12 ವೋಲ್ಟಿನದು. ಅಲ್ಲಿ ಅದೇ 1000 ವ್ಯಾಟಿಗೆ 83 ಆಂಪಿಯರಿಗೂ ಹೆಚ್ಚು ಬೇಕು! ಸಣ್ಣ ತಂತಿಯಾದರೆ ಕಾದು ಕರಗುತ್ತದೆ, ಬೆಂಕಿ ಹತ್ತುವುದೂ ಉಂಟು. ಆದ್ದರಿಂದ ಬೇರೆ ಆಂಪ್ಲಿಫೈಯರ್ ಹಾಕಿಸುವುದೇ ಆದರೆ ತಂತಿ ದಪ್ಪನಾದ ಅಪ್ಪಟ ತಾಮ್ರದ್ದಿರಲಿ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟು ನಂಬಬೇಡಿ. 'ಆರ್.ಎಂ.ಎಸ್.' ಎಂದು ಸಣ್ಣಕ್ಷರದಲ್ಲಿ ಬರೆದದ್ದೇ ನಿಜವಾದ ಶಕ್ತಿ.

ಇನ್ನೊಂದು ಎಚ್ಚರಿಕೆ. ಸೀಟಿನ ಕೆಳಗಿನ ಸ್ಪೀಕರ್ ತೆಗೆಯಲು ಸೀಟನ್ನೇ ಬಿಚ್ಚಬೇಕಾಗುತ್ತದೆ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಬ್ಯಾಟರಿಯ ಸಂಪರ್ಕ ತೆಗೆದು, ಸ್ವಲ್ಪ ಹೊತ್ತು ಕಾದು, ಆಮೇಲೆ ಅದಕ್ಕೆ ಕೈಹಾಕಬೇಕು. ಇದು ಗೊತ್ತಿಲ್ಲದವರಿಂದ ಸೀಟು ಬಿಚ್ಚಿಸಬೇಡಿ. ಕಾರಿಗೆ ವಾರಂಟಿ ಇನ್ನೂ ಇದ್ದರೆ, ತಂತಿಗೆ ಕತ್ತರಿ ಬೀಳುವ ಮೊದಲು ಷೋರೂಮಿನವರ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹೊಸ ಸಾಮಾನು ಹಾಕಿಸಿದರೆ ವಿಮೆಯವರಿಗೂ ತಿಳಿಸಿ.

ಕಿವಿಯ ಮಾತು

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿಕೊಟ್ಟ ಮಿತಿ, ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ 75. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್ಲಿನಲ್ಲಿ ಕೇಳಿದರೆ ದೊಡ್ಡವರಿಗೂ ವಾರಕ್ಕೆ ನಾಲ್ಕೇ ಗಂಟೆ. ಹೊಟ್ಟೆಯಲ್ಲಿರುವ ಕೂಸಿಗೆ ಆರನೇ ತಿಂಗಳ ಹೊತ್ತಿಗೆ ಸದ್ದು ಕೇಳತೊಡಗುತ್ತದೆ. ತಾಯಿಯ ಒಡಲು ಕೀರಲು ಸದ್ದನ್ನು ತಡೆದಷ್ಟು ಮಂದ್ರ ಸದ್ದನ್ನು ತಡೆಯುವುದಿಲ್ಲ. ಗಾಬರಿ ಬೇಡ, ಹಿತವಾದ ಹಾಡಿನಿಂದ ಯಾವ ಕೇಡೂ ಇಲ್ಲ. ಪಕ್ಕದವರೊಡನೆ ದನಿ ಏರಿಸದೆ ಮಾತಾಡಲು ಆಗಬೇಕು, ಅಷ್ಟು ಸದ್ದು ಸಾಕು. ಸೀಟು ನಡುಗುವ ಸದ್ದಿನಲ್ಲಿ ಬಸುರಿಯನ್ನೂ ಹಸುಗೂಸನ್ನೂ ಕೂರಿಸಬೇಡಿ.

ಕೊನೆಗೆ, ಮನೆಯ ಮಾತು

ಸೋದರಿ, 'ಮಾತು ಬಲ್ಲವನಿಗೆ ಜಗಳವಿಲ್ಲ' ಎನ್ನುತ್ತಾರೆ. ನಿಮ್ಮ ಯಜಮಾನರ ಆಸೆಯನ್ನು ಹುಡುಗಾಟ ಎಂದು ಹಗುರ ಮಾಡಬೇಡಿ. ವರ್ಷವಿಡೀ ತೋಟದಲ್ಲಿ ಬೆವರು ಸುರಿಸಿದವರು ಒಂದು ಹಾಡು ಚೆನ್ನಾಗಿ ಕೇಳಬೇಕೆಂದರೆ ಅದೇನು ತಪ್ಪೇ? ಹಾಗೆಂದು ಹೆರಿಗೆಯ ಹಣ ಮುಟ್ಟುವಂತಿಲ್ಲ. ಅದು ಮಗಳದು. ಆಪರೇಷನ್ ಆಗಬೇಕಾದರೆ ಯಾರ ಹತ್ತಿರ ಕೈಚಾಚುತ್ತೀರಿ? ಇದನ್ನು ಮಾತ್ರ ಗಟ್ಟಿಯಾಗಿ ಹೇಳಿ.

'ಬೇಡ' ಎಂಬ ಒಂದೇ ಮಾತಿನಿಂದ ಬಾಗಿಲು ಮುಚ್ಚಿಕೊಂಡಿದೆ. 'ಬನ್ನಿ, ಯಾವ ಸೀಟಿನ ಕೆಳಗೆ ಅಂತ ನೋಡೋಣ' ಎಂದು ನೀವೇ ಕರೆಯಿರಿ. ಎಡವೋ ಬಲವೋ ತಿಳಿದರೆ ಅದೊಂದನ್ನೇ ಈಗ ರಿಪೇರಿ ಮಾಡಿಸಿ. ಖರ್ಚು ನಿಮ್ಮ ದಿನಸಿಯ ಉಳಿತಾಯದಿಂದಲೇ ಹೊರಟರೂ ಹೊರಡಬಹುದು. ಕೂಸು ಮನೆಗೆ ಬಂದು, ಮುಂದಿನ ಕಾಫಿ ಕೊಯ್ಲಿನ ಹಣ ಕೈಸೇರಿದ ಮೇಲೂ ಡಿಕ್ಕಿಯ ಪೆಟ್ಟಿಗೆಯ ಆಸೆ ಉಳಿದಿದ್ದರೆ ಆಗ ಯೋಚಿಸಿದರಾಯಿತು. ಅಂಗಡಿಯವರ ಹತ್ತಿರ ಹೋಗುವಾಗ ಈ ಪುಟ ಕೈಯಲ್ಲಿರಲಿ. ಓಮ್ ಎಷ್ಟು, ಫ್ಯೂಸ್ ಎಲ್ಲಿ, ಆರ್.ಎಂ.ಎಸ್. ಎಷ್ಟು ಎಂದು ನೀವೇ ಕೇಳಿ.

ಏನಾಯಿತೆಂದು ಬರೆಯಲು ಮರೆಯಬೇಡಿ. ಮಗಳ ಸುಖ ಪ್ರಸವದ ಸುದ್ದಿಯನ್ನೂ ಈ ಪುಟ ಎದುರು ನೋಡುತ್ತಿರುತ್ತದೆ.