ಕಡಲೂ ಕನ್ನಡ ನಾಡೇ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಬನ್ನೇರುಘಟ್ಟಕ್ಕೆ ಹೋಗುವ ದಾರಿಯಲ್ಲಿ, ಗೊಟ್ಟಿಗೆರೆ ಎಂಬ ಊರಿದೆ. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವ ಈ ಊರಿನಿಂದ ಮಂಗಳೂರಿನ ಕಡಲತೀರಕ್ಕೆ ರಸ್ತೆಯ ಮೂಲಕ ಸುಮಾರು 350 ಕಿಲೋಮೀಟರುಗಳ ದೂರ. ಇಂತಹ ಊರುಗಳ ಶಾಲೆಗಳಲ್ಲಿ ಸಮುದ್ರವನ್ನು ಕಣ್ಣಾರೆ ಕಾಣದ ಮಕ್ಕಳಿರುವುದು ಸಹಜ. ಅವರ ಪಾಲಿಗೆ ಕಡಲೆಂದರೆ ಭೂಪಟದ ಎಡಬದಿಯಲ್ಲಿ ಬಳಿದ ನೀಲಿ ಬಣ್ಣ. ಆದರೆ ಗೊಟ್ಟಿಗೆರೆಯ ಸುತ್ತಿನ ಕೆರೆಗಳು ತುಂಬಿ ಕೋಡಿ ಹರಿದಾಗ ಆ ನೀರು ಕೆರೆಯಿಂದ ಕೆರೆಗೆ ಇಳಿದು, ದಕ್ಷಿಣ ಪಿನಾಕಿನಿಯನ್ನು ಕೂಡಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಕಡಲಿನ ನಂಟಿಲ್ಲದ ಊರು ಈ ನೆಲದಲ್ಲಿ ಯಾವುದೂ ಇಲ್ಲ. ಇರುವ ನಂಟನ್ನು ಮರೆತ ಊರುಗಳು ಮಾತ್ರ ಬಹಳ.

ಈ ಮರೆವು ಒಂದು ಊರಿಗೆ ಸೇರಿದ್ದಲ್ಲ. ಇಡೀ ಕನ್ನಡ ನಾಡಿನದು. ನಾಡಿನ ಚರಿತ್ರೆ ಎಂದೊಡನೆ ಬಾದಾಮಿ, ತಲಕಾಡು, ಹಳೇಬೀಡು, ಹಂಪೆಗಳು ನೆನಪಾಗುತ್ತವೆ. ಕೋಟೆ, ಕೆರೆ, ದೇವಾಲಯ, ದಂಡಯಾತ್ರೆಗಳ ಕಥೆಗಳು ಒಂದರ ಹಿಂದೊಂದು ಬರುತ್ತವೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಉದ್ದಕ್ಕೂ ಚಾಚಿರುವ, ಮುನ್ನೂರು ಕಿಲೋಮೀಟರುಗಳನ್ನು ಮೀರಿದ ಕಡಲತೀರ ಮಾತ್ರ ಪ್ರವಾಸಕ್ಕೆ ಹೋಗಿ ಸೂರ್ಯಾಸ್ತವನ್ನು ನೋಡುವ ತಾಣವಾಗಿ ಉಳಿದಿದೆ. ‘ಸಮುದ್ರದ ನಂಟು, ಉಪ್ಪಿಗೆ ಬಡತನ’ ಎಂಬ ಗಾದೆ ಇಲ್ಲಿ ಬೇರೊಂದು ರೀತಿಯಲ್ಲಿ ನಿಜವಾಗಿದೆ. ಬಾಗಿಲಲ್ಲಿ ಕಡಲಿದ್ದರೂ ಕಡಲಿನ ತಿಳಿವಳಿಕೆಗೆ ಬಡತನ ಬಂದಿದೆ.

ಕಡಲು ಕನ್ನಡ ನಾಡಿಗೆ ಗೋಡೆಯಾಗಿರಲಿಲ್ಲ, ಹೆಬ್ಬಾಗಿಲಾಗಿತ್ತು. ಆರನೆಯ ಶತಮಾನದಲ್ಲಿ ಕಾಸ್ಮಸ್ ಎಂಬ ವರ್ತಕ ಪಶ್ಚಿಮ ಕರಾವಳಿಯಲ್ಲಿ ಮೆಣಸು ಮಾರುವ ಪಟ್ಟಣಗಳನ್ನು ಎಣಿಸುವಾಗ ಮಂಗಳೂರಿನ ಹೆಸರನ್ನೂ ಹೇಳಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಉತ್ತರ ಆಫ್ರಿಕದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ನೆಲೆಸಿ, ಲೋಹದ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯನ್ನು ನಡೆಸಿದನು. ಅವನ ಕೈಕೆಳಗೆ ಸ್ಥಳೀಯನೊಬ್ಬನು ವ್ಯವಹಾರ ನೋಡಿಕೊಳ್ಳುತ್ತಿದ್ದನು; ಆ ಹೆಸರನ್ನು ‘ಬೊಮ್ಮ’ ಎಂದು ಓದಲಾಗಿದೆ. ಈ ಸಂಗತಿಗಳು ತಿಳಿದುಬಂದದ್ದು ಈಜಿಪ್ಟಿನ ಕೈರೋ ನಗರದ ಪ್ರಾರ್ಥನಾ ಮಂದಿರವೊಂದರಲ್ಲಿ ಉಳಿದ ಹಳೆಯ ಕಾಗದಗಳಿಂದ. ಮಂಗಳೂರಿನ ಚರಿತ್ರೆಯ ಒಂದು ಪುಟ ಕೈರೋದಲ್ಲಿ ಸಿಕ್ಕಿತೆಂದರೆ ಕಡಲ ದಾರಿಯ ಹರವು ಎಷ್ಟಿತ್ತೆಂಬುದನ್ನು ಊಹಿಸಬಹುದು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತ ಆ ಪಟ್ಟಣದಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಪಾಠಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಬಂದರಿಗೆ ಸರಕಿನೊಡನೆ ವಿದ್ಯೆಯೂ ಬಂದಿಳಿಯುತ್ತಿತ್ತು.

ಒಳನಾಡಿನ ವೈಭವಕ್ಕೂ ಕಡಲೇ ಆಸರೆಯಾಗಿತ್ತು. ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಹೊರಟಾಗ ಮಂಗಳೂರಿನಲ್ಲಿ ಹಡಗಿಳಿದು ಘಟ್ಟವನ್ನು ಹತ್ತಿದನು. ಹಂಪೆಯ ಶಿಲ್ಪಗಳಲ್ಲಿ ಸಾಲುಗಟ್ಟಿ ನಡೆಯುವ ಕುದುರೆಗಳನ್ನು ನೋಡಿ ಬೆರಗಾಗುವವರು ಆ ಕುದುರೆಗಳು ಅರೇಬಿಯದಿಂದ ಹಡಗುಗಳಲ್ಲಿ ಬಂದು ಭಟ್ಕಳ, ಹೊನ್ನಾವರಗಳಂತಹ ಬಂದರುಗಳಲ್ಲಿ ಇಳಿಯುತ್ತಿದ್ದವೆಂಬುದನ್ನು ನೆನೆಯುವುದು ವಿರಳ. ಕುದುರೆ ಬಂದ ದಾರಿಯಲ್ಲೇ ಅಕ್ಕಿ, ಮೆಣಸುಗಳು ಹೊರಟುಹೋಗುತ್ತಿದ್ದವು. ಬಸರೂರು, ಮಂಗಳೂರುಗಳಿಂದ ಸಾಗಿದ ಅಕ್ಕಿಯನ್ನು ಪೋರ್ಚುಗೀಸರ ಗೋವೆಯೂ ನಂಬಿಕೊಂಡಿತ್ತು. ಮುಂದೆ 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಕೆಂಪು ಹೆಂಚುಗಳೂ ಮಂಜಿಗಳೆಂಬ ಹಾಯಿಹಡಗುಗಳನ್ನೇರಿ ದೂರದ ತೀರಗಳ ಮನೆಗಳನ್ನು ಹೊದಿಸಿದವು. 1930ರ ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಅಂಕೋಲೆಯ ಜನ ಕಡಲನೀರಿನಿಂದ ಉಪ್ಪು ತೆಗೆದು ಪರಕೀಯರ ಕಾನೂನನ್ನು ಮುರಿದರು.

ಕಡಲತೀರ ವೀರರನ್ನೂ ಹೆತ್ತಿದೆ. ಹದಿನಾರನೆಯ ಶತಮಾನದಲ್ಲಿ ಉಳ್ಳಾಲದ ಚೌಟ ವಂಶದ ರಾಣಿ ಅಬ್ಬಕ್ಕ ಪೋರ್ಚುಗೀಸರ ನೌಕಾಬಲಕ್ಕೆ ಮಣಿಯದೆ ಹೋರಾಡಿದಳು. ಅದೇ ಶತಮಾನದಲ್ಲಿ ಸಾವಿರಾರು ಮೈಲಿಗಳಾಚೆ, ಐರ್ಲೆಂಡಿನ ಪಶ್ಚಿಮ ತೀರದಲ್ಲಿ, ಗ್ರೇಸ್ ಓಮ್ಯಾಲಿ ಎಂಬ ನಾಯಕಿ ತನ್ನ ಹಡಗುಗಳ ಬಲದಿಂದ ಇಂಗ್ಲಿಷರ ಆಡಳಿತಕ್ಕೆ ಎದುರಾಗಿ ನಿಂತಿದ್ದಳು. 1593ರಲ್ಲಿ ಅವಳು ಇಂಗ್ಲೆಂಡಿನ ರಾಣಿ ಎಲಿಜಬೆತ್ತಳನ್ನೇ ಕಂಡು ಮಾತನಾಡಿದಳು. ಒಬ್ಬರನ್ನೊಬ್ಬರು ಅರಿಯದ ಈ ಇಬ್ಬರು ವನಿತೆಯರ ಬಾಳಿನಲ್ಲಿ ಒಂದೇ ಸತ್ಯ ಕಾಣುತ್ತದೆ: ತನ್ನ ಕಡಲನ್ನು ಬಲ್ಲ ಸಣ್ಣ ನಾಡು ದೊಡ್ಡ ಸಾಮ್ರಾಜ್ಯಕ್ಕೂ ಸುಲಭದ ತುತ್ತಾಗುವುದಿಲ್ಲ. 2012ರಲ್ಲಿ ಭಾರತದ ಕರಾವಳಿ ರಕ್ಷಣಾ ಪಡೆ ತನ್ನ ನೌಕೆಯೊಂದಕ್ಕೆ ರಾಣಿ ಅಬ್ಬಕ್ಕನ ಹೆಸರನ್ನಿಟ್ಟು ಗೌರವಿಸಿತು.

ಆದರೆ ರಾಣಿಯರ ಹೆಸರುಗಳು ಹೇಗಾದರೂ ಉಳಿಯುತ್ತವೆ. ಉಳಿಯದೆ ಹೋಗುವುದು ದೋಣಿ ನಡೆಸಿದವರ, ಬಲೆ ಎಳೆದವರ, ಬುಟ್ಟಿ ಹೊತ್ತು ಮೀನು ಮಾರಿದ ತಾಯಂದಿರ ಬಾಳು. ರಂಪಣಿ ಎಂಬ ಹೆಬ್ಬಲೆಯನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಹಲವು ಮನೆಯವರು ತಂದ ಬಲೆಯ ತುಂಡುಗಳನ್ನು ಜೋಡಿಸಿ ಅದನ್ನು ಕಟ್ಟುತ್ತಿದ್ದರು. ದೋಣಿಯಲ್ಲಿ ಅದನ್ನು ಒಯ್ದು, ದಡದಿಂದ ಹೊರಟು ದಡಕ್ಕೇ ಮರಳುವಂತೆ ಅರ್ಧಚಂದ್ರಾಕಾರವಾಗಿ ನೀರಿನಲ್ಲಿ ಬಿಡುತ್ತಿದ್ದರು. ಬಳಿಕ ಹತ್ತಾರು ಮಂದಿ ಎರಡು ಕಡೆಯ ಹಗ್ಗಗಳನ್ನು ಹಿಡಿದು, ಒಂದೇ ದನಿಯಲ್ಲಿ ಕೂಗು ಹಾಕುತ್ತ, ಬಂಗುಡೆ, ಬೂತಾಯಿಗಳ ರಾಶಿಯನ್ನು ಮರಳಿನ ಮೇಲೆ ಎಳೆದು ತರುತ್ತಿದ್ದರು. ಬಂದ ಮೀನು ಒಬ್ಬನದಾಗುತ್ತಿರಲಿಲ್ಲ. ಬಲೆಗೂ ದುಡಿಮೆಗೂ ತಕ್ಕಂತೆ ಪಾಲಾಗುತ್ತಿತ್ತು. ರಂಪಣಿ ಮೀನು ಹಿಡಿಯುವ ಸಾಧನವಷ್ಟೇ ಆಗಿರಲಿಲ್ಲ. ಊರನ್ನು ಕಟ್ಟಿ ಹಿಡಿಯುವ ಸಾಧನವೂ ಆಗಿತ್ತು.

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದವು. ಮೀನಿನ ಹಿಂಡು ದಡದ ಬಳಿಗೆ ಬರುವ ಮೊದಲೇ ಅವು ಅದನ್ನು ನಡುನೀರಿನಲ್ಲಿ ಸುತ್ತುವರಿದು ಹಿಡಿಯತೊಡಗಿದವು. ರಂಪಣಿಯವರು ವಿರೋಧಿಸಿದರೂ ಕೆಲವೇ ವರ್ಷಗಳಲ್ಲಿ ಆ ಹೆಬ್ಬಲೆಗಳು ಹಿಂದೆ ಸರಿದವು. ಇಂದು ಅಲ್ಲಲ್ಲಿ ಕಾಣುವುದು ಸಣ್ಣ ಕೈರಂಪಣಿಗಳು ಮಾತ್ರ. ಯಂತ್ರವನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ. ಅದು ಮೀನುಗಾರನ ತೋಳಿನ ಭಾರವನ್ನು ಇಳಿಸಿತು, ಮಲ್ಪೆಯಂತಹ ಬಂದರುಗಳನ್ನು ಬೆಳೆಸಿತು, ಬಹಳ ಮನೆಗಳ ಮಕ್ಕಳನ್ನು ಶಾಲೆಗೆ ಕಳುಹಿಸಿತು. ಆದರೆ ಎಷ್ಟು ಹಿಡಿಯಬೇಕು, ಯಾವಾಗ ನಿಲ್ಲಿಸಬೇಕು ಎಂಬ ವಿವೇಕವನ್ನು ಯಂತ್ರ ತಾನಾಗಿ ತರಲಿಲ್ಲ. ಹಿಂದಿನವರು ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು, ಶ್ರಾವಣದ ನೂಲಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಮತ್ತೆ ಕಸುಬಿಗೆ ಇಳಿಯುತ್ತಿದ್ದರು. ಆ ಬಿಡುವಿನಲ್ಲಿ ಮೀನುಗಳು ಮರಿಮಾಡುತ್ತಿದ್ದವು. ಇಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಯನ್ನು ಸರ್ಕಾರ ನಿಷೇಧಿಸುತ್ತದೆ. ಹಿಂದೆ ಸಂಪ್ರದಾಯ ಹೇಳಿದ ಮಾತನ್ನೇ ಇಂದು ಕಾನೂನು ಹೇಳಬೇಕಾಗಿದೆ. ಹಳಬರ ತಿಳಿವಳಿಕೆ ಕೇವಲ ಮೂಢನಂಬಿಕೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಂತಹ ತಿಳಿವಳಿಕೆಯನ್ನು ಉಳಿಸಿಕೊಳ್ಳುವ ಬಗೆಯನ್ನು ಐರ್ಲೆಂಡ್ ತೋರಿಸಿಕೊಟ್ಟಿದೆ. ಆ ದೇಶದ ಪಶ್ಚಿಮಕ್ಕೆ ಗ್ರೇಟ್ ಬ್ಲಾಸ್ಕೆಟ್ ಎಂಬ ದ್ವೀಪವಿದೆ. ಮರದ ಚೌಕಟ್ಟಿಗೆ ಟಾರು ಬಳಿದ ಬಟ್ಟೆಯನ್ನು ಬಿಗಿದ ಹಗುರವಾದ ದೋಣಿಗಳಲ್ಲಿ ಅಲ್ಲಿನ ಜನ ಮೀನು ಹಿಡಿದು ಬದುಕಿದರು. ಯುವಕರು ಹೊರದೇಶಗಳಿಗೆ ಹೋದರು, ಉಳಿದವರಿಗೆ ಮುಪ್ಪು ಬಂದಿತು. 1953ರಲ್ಲಿ ಕೊನೆಯ ನಿವಾಸಿಗಳನ್ನೂ ಅಲ್ಲಿಂದ ಕರೆತರಬೇಕಾಯಿತು. ಆದರೆ ದ್ವೀಪದ ಬಾಳು ಅಳಿಯಲಿಲ್ಲ. ಟೊಮಾಸ್ ಓ ಕ್ರೋಹನ್ ಎಂಬ ಅಲ್ಲಿನ ಬೆಸ್ತನು ತನ್ನ ತಾಯಿನುಡಿಯಾದ ಐರಿಷ್ ಭಾಷೆಯಲ್ಲಿ ಬರೆದ ಆತ್ಮಕಥೆ 1929ರಲ್ಲಿಯೇ ಪ್ರಕಟವಾಗಿತ್ತು. 1937ರಿಂದ ಆ ದೇಶ ಇನ್ನೊಂದು ಕೆಲಸವನ್ನೂ ಮಾಡಿತು. ಸುಮಾರು 5,000 ಶಾಲೆಗಳ ಮಕ್ಕಳಿಗೆ ತಮ್ಮ ಮನೆಯ, ನೆರೆಹೊರೆಯ ಹಿರಿಯರಿಂದ ಕಥೆ, ಕಸುಬು, ಗಾದೆ, ಹಬ್ಬಗಳ ವಿವರಗಳನ್ನು ಕೇಳಿ ಬರೆದು ತರುವಂತೆ ಹೇಳಲಾಯಿತು. ಆ ಮಕ್ಕಳು ಬರೆದ ಪುಟಗಳು ಇಂದು ದೇಶದ ಭಂಡಾರವಾಗಿವೆ.

ಕನ್ನಡದಲ್ಲಿ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಕಡಲ ಸೆರಗಿನ ಕುಟುಂಬವೊಂದರ ಮೂರು ತಲೆಮಾರಿನ ಬಾಳನ್ನು ಚಿತ್ರಿಸಿದ್ದಾರೆ. ಒಬ್ಬ ಮಹಾಲೇಖಕ ಮಾಡುವ ಕೆಲಸ ಅದು. ಆದರೆ ಗಾಳಿಯ ಹೆಸರುಗಳು, ನೀರಿನ ಬಣ್ಣ ನೋಡಿ ಮೀನಿನ ಹಿಂಡನ್ನು ಗುರುತಿಸುವ ಬಗೆ, ಬಲೆ ಹೆಣೆಯುವ ವಿಧಾನ, ಅಳಿವೆಯ ಉಬ್ಬರ ಇಳಿತಗಳ ಲೆಕ್ಕ ಇವನ್ನೆಲ್ಲ ಒಬ್ಬನೇ ಬರೆದು ಮುಗಿಸಲಾಗದು. ಅವು ಕನ್ನಡ, ತುಳು, ಕೊಂಕಣಿ, ಬ್ಯಾರಿ ಮುಂತಾದ ನುಡಿಗಳಲ್ಲಿ ಹಿರಿಯರ ನಾಲಿಗೆಯ ಮೇಲಿವೆ. ಅವರೊಡನೆಯೇ ಅವು ಹೊರಟುಹೋಗುವ ಮೊದಲು ಕರಾವಳಿಯ ಶಾಲೆಗಳ ಮಕ್ಕಳು ಅವನ್ನು ಬರೆದಿಡಬೇಕು. ಶಾಲೆಯೂ ಅದನ್ನು ಬಿಡುವಿನ ವೇಳೆಯ ಹವ್ಯಾಸವೆನ್ನದೆ ಪಾಠವೆಂದೇ ಎಣಿಸಬೇಕು.

‘ಮಾಯವಾದ ಬಲೆಯ ಹೆಸರನ್ನು ತಿಳಿದು ಆಗುವುದೇನು? ಮಕ್ಕಳಿಗೆ ಕಲಿಯಲು ಹೊಸ ವಿಷಯಗಳೇ ಬೇಕಾದಷ್ಟಿವೆ’ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಹಳೆಯ ಬಲೆ ಮರಳಿ ಬರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಮೀನಿನ ಬರ, ಕಡಲ್ಕೊರೆತ, ದಡದ ಕಲ್ಲುಗೋಡೆ, ಹೊಸ ಬಂದರು ಇವು ಇಂದಿನ ಸಮಸ್ಯೆಗಳು. ಇವನ್ನು ಕುರಿತು ತೀರ್ಮಾನ ಮಾಡುವವರಲ್ಲಿ ಬಹುಮಂದಿ ಇರುವುದು ಬೆಂಗಳೂರಿನಲ್ಲಿ. 2024ರಲ್ಲಿ ಅಘನಾಶಿನಿಯ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂಬ ಮನ್ನಣೆ ದೊರೆಯಿತು. ಅದನ್ನು ಕಾಪಾಡಬೇಕಾದವರಿಗೆ, ಅಲ್ಲಿ ಚಿಪ್ಪು ಆರಿಸುವ ಹೆಣ್ಣುಮಗಳಿಗೆ ಗೊತ್ತಿರುವಷ್ಟಾದರೂ ಗೊತ್ತಿರಬೇಡವೆ? ತಿಳಿಯದವರು ಕೈಗೊಂಡ ತೀರ್ಮಾನದ ಬೆಲೆಯನ್ನು ತಿಳಿದವರು ತೆರಬೇಕಾಗುತ್ತದೆ.

ಈ ಕಾರಣದಿಂದ ಕಡಲಿನ ಪಾಠ ಕರಾವಳಿಯ ಮಕ್ಕಳಿಗಿಂತಲೂ ಒಳನಾಡಿನ ಮಕ್ಕಳಿಗೆ ಹೆಚ್ಚು ಅಗತ್ಯ. ಅವರು ಕೆಲಸವನ್ನು ತಮ್ಮ ಊರಿನಿಂದಲೇ ಆರಂಭಿಸಬಹುದು. ಕೆರೆಯ ಕೋಡಿ ಎಲ್ಲಿತ್ತು, ತೂಬನ್ನು ತೆರೆಯುತ್ತಿದ್ದ ನೀರಗಂಟಿ ಯಾರು, ನೀರನ್ನು ಹೇಗೆ ಪಾಲು ಮಾಡುತ್ತಿದ್ದರು ಎಂದು ಗೊಟ್ಟಿಗೆರೆಯ ಹಿರಿಯರನ್ನು ಕೇಳಿ ಬರೆದ ಹುಡುಗಿಗೆ ರಂಪಣಿಯ ಪಾಲಿನ ನ್ಯಾಯ ತಾನಾಗಿ ಅರ್ಥವಾಗುತ್ತದೆ. ಉಳ್ಳಾಲದ ಅಥವಾ ಗಂಗೊಳ್ಳಿಯ ಶಾಲೆಯೊಂದಕ್ಕೆ ಆ ಬರಹ ಹೋಗಲಿ. ಅಲ್ಲಿಂದ ಬಲೆಯ ಕಥೆ ಇಲ್ಲಿಗೆ ಬರಲಿ. ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮತ್ತು ಹಿರಿಯರ ಮಾತನ್ನು ಕೇಳುವ ತಾಳ್ಮೆ.