ಬಿರುಗಾಳಿಯ ಲೆಕ್ಕ

“ಅಳುಬುರುಕ ಚಿತ್ರ, ಸ್ವಾಮಿ!”

ಲುಕೀನೋ ವಿಸ್ಕೊಂತಿಯ ‘ಲಾ ತೆರ್ರಾ ತ್ರೇಮಾ’ (ಭೂಮಿ ನಡುಗುತ್ತದೆ) ಮುಗಿದು ದೀಪ ಹತ್ತುತ್ತಲೇ ಪಕ್ಕದ ಕುರ್ಚಿಯ ರಸಿಕರೊಬ್ಬರು ಹೀಗೆಂದು ತೀರ್ಪಿತ್ತರು. ದೋಣಿ ಒಡೆಯಿತು, ಮನೆ ಹೋಯಿತು, ತಮ್ಮ ಊರು ಬಿಟ್ಟ, ತಂಗಿ ಹೆಸರು ಕೆಡಿಸಿಕೊಂಡಳು, ಒಲಿದವಳು ಕೈಬಿಟ್ಟಳು. ಒಂದೇ ಸಂಸಾರದ ತಲೆಯ ಮೇಲೆ ಇಷ್ಟನ್ನೂ ಹೇರಿದರೆ ಅದು ಮೆಲೊಡ್ರಾಮಾ ಅಲ್ಲದೆ ಮತ್ತೇನು ಎಂಬುದು ಅವರ ವಾದ. ಬಲ್ಲವರೆನಿಸಿಕೊಂಡವರ ಬಾಯಲ್ಲೂ ಈ ಮಾತನ್ನು ಕೇಳಿದ್ದೇನೆ. ನಾನು ಒಪ್ಪಲಾರೆ.

ಚಿತ್ರ 1948ರದು. ಸಿಸಿಲಿಯ ಆಚಿ ತ್ರೆತ್ಸಾ ಎಂಬ ಬೆಸ್ತರ ಹಳ್ಳಿಯಲ್ಲಿ, ಆ ಊರಿನವರಿಂದಲೇ ಪಾತ್ರ ಮಾಡಿಸಿ, ಅವರ ಆಡುನುಡಿಯಲ್ಲೇ ಮಾತಾಡಿಸಿ ತೆಗೆದದ್ದು. ಹಿರಿಮಗ ನ್ತೋನಿ ಸಗಟು ವ್ಯಾಪಾರಿಗಳ ಹಂಗು ಸಾಕೆಂದು ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಸ್ವಂತ ವ್ಯಾಪಾರಕ್ಕೆ ಇಳಿಯುತ್ತಾನೆ. ಬಲೆ ತುಂಬ ಮೀನು ಬೀಳುತ್ತದೆ. ಮನೆಮಂದಿಯೆಲ್ಲ ಕೂತು ಉಪ್ಪು ಹಾಕಿ ಪೀಪಾಯಿ ತುಂಬುತ್ತಾರೆ. ಆಮೇಲೆ ಬಿರುಗಾಳಿ.

ಈ ಬಿರುಗಾಳಿಯನ್ನೇ ನಮ್ಮ ರಸಿಕರು ಕಾಕತಾಳೀಯವೆನ್ನುತ್ತಾರೆ. ನಾನು ಕೇಳುವುದು ಇಷ್ಟೇ: ಅಂಥ ಹವೆಯಲ್ಲಿ ಆ ಜನ ಕಡಲಿಗೆ ಇಳಿದದ್ದೇಕೆ? ಕೂಲಿಯವನು ಒಂದು ದಿನದ ಕೂಲಿ ಬಿಟ್ಟು ದಡದಲ್ಲಿ ಕೂರಬಹುದು. ಸಾಲಗಾರನಿಗೆ ಅಷ್ಟೂ ಸ್ವಾತಂತ್ರ್ಯವಿಲ್ಲ. ಉಪ್ಪಿನ ಖರ್ಚಿದೆ, ಬ್ಯಾಂಕಿನ ಸಾಲವಿದೆ. ಮೋಡ ನೋಡಿ ದಿನ ಆರಿಸುವ ಅಧಿಕಾರ ಅವನ ಕೈತಪ್ಪಿದೆ. ಗಾಳಿ ಆಕಾಶದಿಂದ ಬಂದದ್ದು ನಿಜ. ದೋಣಿಯನ್ನು ಅದರ ಬಾಯಿಗೆ ಕಳಿಸಿದ್ದು ಸಾಲ.

ಮುಂದಿನದೆಲ್ಲ ಮಗ್ಗಿ ಒಪ್ಪಿಸಿದಂತೆ. ದೋಣಿಯಿಲ್ಲದವನು ಉಪ್ಪುಮೀನನ್ನು ವ್ಯಾಪಾರಿ ಹೇಳಿದ ಬೆಲೆಗೆ ಮಾರಬೇಕು. ಆ ಬೆಲೆಗೆ ಸಾಲ ತೀರದು. ಸಾಲ ತೀರದಿದ್ದರೆ ಮನೆ ಬ್ಯಾಂಕಿನದು. ಮನೆಯಿಲ್ಲದವನಿಗೆ ಹೆಣ್ಣು ಕೊಡುವವರಾರು? ಇದರಲ್ಲಿ ಕತೆಗಾರನ ಕೈವಾಡ ಎಲ್ಲಿದೆ, ತೋರಿಸಿ!

ಚಿತ್ರಕ್ಕೆ ಆಧಾರ ವೆರ್ಗಾ 1881ರಲ್ಲಿ ಪ್ರಕಟಿಸಿದ ‘ಇ ಮಾಲಾವೋಲ್ಯಾ’ ಕಾದಂಬರಿ. ಅಲ್ಲಿ ಸಾಲಕ್ಕೆ ತಂದ ಕಾಳು ಹೊತ್ತ ದೋಣಿ ಮುಳುಗುತ್ತದೆ. ವಿಧಿಯ ನೆರಳು ಕತೆಯುದ್ದಕ್ಕೂ ದಟ್ಟವಾಗಿದೆ. ವಿಸ್ಕೊಂತಿ ವಿಧಿಯನ್ನು ಎಬ್ಬಿಸಿ, ಆ ಪೀಠದಲ್ಲಿ ತಕ್ಕಡಿ ಹಿಡಿದ ವ್ಯಾಪಾರಿಯನ್ನು ಕೂರಿಸಿದ. ವಿಧಿಯ ಮುಂದೆ ಅಳಬಹುದು, ಅಷ್ಟೇ. ತಕ್ಕಡಿಯನ್ನಾದರೆ ಕಿತ್ತೆಸೆಯಬಹುದು.

ಒಂದು ಆಕ್ಷೇಪಣೆಯನ್ನು ಒಪ್ಪುತ್ತೇನೆ. ಕಡಲಿನ ಬಂಡೆಗಳ ಮೇಲೆ ಕಪ್ಪು ಶಾಲು ಹೊದ್ದು ಗಂಡಸರ ದಾರಿ ಕಾಯುವ ಹೆಂಗಸರು ಅತಿಯಾಗಿ ಸುಂದರರು. ಆಪೆರಾ ರಂಗಸ್ಥಳದ ಶಿಸ್ತು ಅಲ್ಲಿ ಇಣುಕುತ್ತದೆ. ವಿಸ್ಕೊಂತಿ ಶ್ರೀಮಂತ ಮನೆತನದವನು. ಅವನ ಕಣ್ಣು ಅವನದೇ. ಆದರೆ ಬಡವರ ದುಃಖ ಕುರೂಪವಾಗಿದ್ದರೆ ಮಾತ್ರ ನಿಜ ಎಂಬ ನಿಯಮ ಮಾಡಿದವರು ಯಾರು?

ಕೊನೆಗೆ ನ್ತೋನಿ ಎಳೆಯ ತಮ್ಮಂದಿರೊಡನೆ ಅದೇ ವ್ಯಾಪಾರಿಗಳ ಮುಂದೆ ಕೂಲಿ ಕೇಳಿ ನಿಲ್ಲುತ್ತಾನೆ. ಅವರು ನಗುತ್ತಾರೆ. ಅವನು ಅಳುವುದಿಲ್ಲ, ಹೋಗಿ ಹುಟ್ಟು ಹಿಡಿಯುತ್ತಾನೆ. ಅಳುಬುರುಕ ಚಿತ್ರವೆಂದ ಮಹನೀಯರು ಆ ಮುಖವನ್ನು ಇನ್ನೊಮ್ಮೆ ನೋಡಿ ಬರಲಿ; ಆಮೇಲೆ ಮಾತಾಡೋಣ.